ಮೈಸೂರು–ಮಂಡ್ಯ ಕಡೆ ಕಯಾಕಿಂಗ್ ಬಳಗ ಕಟ್ಟುವುದು ಹೇಗೆ?

ನಮ್ಮ ಕಡೆ ನೀರಿಗೆ ಬರವಿಲ್ಲ ಅಂದರೆ ಬೇಸಿಗೆಯಲ್ಲಿ ಯಾರಾದರೂ ಜಗಳಕ್ಕೆ ಬರಬಹುದು. ಆದರೂ ಲೆಕ್ಕ ಹಾಕಿ ನೋಡಿ. ಕಾವೇರಿ, ಕಪಿಲೆ, ಹೇಮಾವತಿ, ಲೋಕಪಾವನಿ, ಶಿಂಷಾ. ಕೆಆರ್‌ಎಸ್ ಹಿನ್ನೀರು. ಊರೂರಿಗೂ ಒಂದೊಂದು ಕೆರೆ. ಭಾನುವಾರ ಬೆಳಿಗ್ಗೆ ಮೈಸೂರಿನಲ್ಲಿ ಸೈಕಲ್ ತುಳಿಯುವವರ ಗುಂಪು ಸಿಗುತ್ತದೆ, ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವವರು ಸಿಗುತ್ತಾರೆ, ಓಡುವವರು ಸಿಗುತ್ತಾರೆ. ಇಷ್ಟೆಲ್ಲ ನೀರಿದ್ದೂ ಕಯಾಕ್, ಅಂದರೆ ಒಬ್ಬಿಬ್ಬರು ಕೂತು ಹುಟ್ಟು ಹಾಕುವ ಕಿರಿದಾದ ಪುಟ್ಟ ದೋಣಿ, ಹೊತ್ತು ಕೆರೆ ಕಡೆ ಹೋಗುವವರು ಕಣ್ಣಿಗೆ ಬೀಳುವುದು ಅಪರೂಪ.

ಪ್ರವಾಸಕ್ಕೆ ಹೋದಾಗ ಕಾಲು ಗಂಟೆ ಕಯಾಕ್‌ನಲ್ಲಿ ಕೂತು ಫೋಟೊ ತೆಗೆಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ಅವರನ್ನು ಸೇರಿಸಿದರೆ ಪಿಕ್‌ನಿಕ್ ಆಗುತ್ತದೆ. ಬಳಗ ಆಗಬೇಕಾದರೆ ಅದೇ ಜನ ಮುಂದಿನ ವಾರವೂ ಅದೇ ನೀರಿಗೆ ಬರಬೇಕು. ಅದಕ್ಕೆ ಏನೇನು ಮಾಡಬೇಕು ಅನ್ನುವುದು ಈ ಲೇಖನ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಒಂದೇ ಕೆರೆ, ವಾರದಲ್ಲಿ ಒಂದೇ ದಿನ, ಒಂದೇ ಹೊತ್ತು. ಮೊದಲ ವರ್ಷ ಸಾಹಸದ ಮಾತೇ ಬೇಡ. ದೋಣಿ ಕೊಳ್ಳುವುದು ಕೊನೆಯಲ್ಲಿ.

ಮೊದಲು ನೀರು ಹುಡುಕಿ

ಹುಡುಕಬೇಕಾದದ್ದು ಕೆರೆಯನ್ನು, ಹೊಳೆಯನ್ನಲ್ಲ. ಈ ಮಾತಿಗೆ ಹೊಸಬರು ಮುಖ ಸಿಂಡರಿಸುತ್ತಾರೆ. ಶ್ರೀರಂಗಪಟ್ಟಣದಲ್ಲಿ ಕಾವೇರಿ ಅಷ್ಟು ಚೆನ್ನಾಗಿ ಹರಿಯುತ್ತಿರುವಾಗ ಕೆರೆ ಯಾಕೆ ಅಂತ. ಕಾರಣ ಇದೆ. ಕೆಆರ್‌ಎಸ್ ಕೆಳಗಿನ ಕಾವೇರಿ ತನ್ನಿಷ್ಟಕ್ಕೆ ಹರಿಯುವ ಹೊಳೆಯಲ್ಲ. ಗೇಟು ಎತ್ತಿದರೆ ಏರುತ್ತದೆ, ಇಳಿಸಿದರೆ ಇಳಿಯುತ್ತದೆ. 2024ರ ಮಳೆಗಾಲದಲ್ಲಿ ಲಕ್ಷ ಕ್ಯುಸೆಕ್‌ಗೂ ಜಾಸ್ತಿ ನೀರು ಬಿಟ್ಟಿದ್ದು ಎಲ್ಲರಿಗೂ ನೆನಪಿದೆ. ಅಂಥ ದಿನಗಳಲ್ಲಿ ರಂಗನತಿಟ್ಟಿನ ದೋಣಿ ವಿಹಾರವನ್ನೇ ನಿಲ್ಲಿಸುತ್ತಾರೆ. ಹುಟ್ಟಿದಾಗಿನಿಂದ ಆ ನೀರು ನೋಡಿದವರೇ ದೋಣಿ ಕಟ್ಟಿಹಾಕುವಾಗ ನಾವು ಹೊಸಬರು ಇಳಿಯುವುದುಂಟೇ?

ಇನ್ನೊಂದು ಅಪಾಯ ನೋಡಲು ಅಪಾಯದ ಹಾಗೆ ಕಾಣುವುದಿಲ್ಲ. ಅದು ಹಳೆ ಕಟ್ಟೆಗಳು. ವಿರಿಜಾ, ಚಿಕ್ಕದೇವರಾಯ ಸಾಗರ, ಬಂಗಾರದೊಡ್ಡಿ ಮುಂತಾದ ನಾಲೆಗಳಿಗೆ ನೀರು ತಿರುಗಿಸಲು ಕಾವೇರಿಗೆ ಅಡ್ಡಲಾಗಿ ಶತಮಾನಗಳ ಹಿಂದೆಯೇ ಕಟ್ಟೆ ಕಟ್ಟಿದ್ದಾರೆ. ಬಲಮುರಿಯಲ್ಲಿ ನೀರು ಹಾಸಿನ ಹಾಗೆ ಜಾರಿ ಬೀಳುವುದನ್ನು ನೋಡಿದ್ದೀರಲ್ಲ, ಅದೂ ಕಟ್ಟೆಯೇ. ಮೇಲಿಂದ ನೋಡಿದರೆ ಮೊಣಕಾಲುದ್ದ ನೀರು. ಆದರೆ ಹೊಳೆ ತುಂಬಿದಾಗ ಕಟ್ಟೆಯ ಬುಡದಲ್ಲಿ ಬಿದ್ದ ನೀರು ಕೆಳಗೆ ಹೋಗಿ, ಮೇಲೆದ್ದು, ಮತ್ತೆ ಕಟ್ಟೆಯ ಕಡೆಗೇ ಹೊರಳುತ್ತದೆ. ಅದರೊಳಗೆ ಸಿಕ್ಕಿದ ದೋಣಿಯೂ ಮನುಷ್ಯನೂ ಅಲ್ಲೇ ಸುತ್ತುತ್ತಾರೆ. ಲೈಫ್ ಜಾಕೆಟ್ ಹಾಕಿದ್ದರೂ ಹೊರಗೆ ಬರುವುದು ಕಷ್ಟ. ಪ್ರಪಂಚದಲ್ಲೆಲ್ಲ ದೋಣಿಗಾರರು ಜಲಪಾತಕ್ಕಿಂತ ಇಂಥ ತಗ್ಗು ಕಟ್ಟೆಗೆ ಹೆಚ್ಚು ಹೆದರುವುದು ಇದಕ್ಕೇ.

ನಾಲೆಯಂತೂ ಬೇಡವೇ ಬೇಡ. ವಿಶ್ವೇಶ್ವರಯ್ಯ ನಾಲೆಯ ದಡ ಸಿಮೆಂಟಿನದು, ಇಳಿಜಾರು, ಪಾಚಿ. ಬಿದ್ದವರಿಗೆ ಹಿಡಿಯಲು ಏನೂ ಸಿಗುವುದಿಲ್ಲ.

ಕೆರೆ ಹುಡುಕುವಾಗ ಕೆಲವನ್ನು ಪಟ್ಟಿಯಿಂದ ಮೊದಲೇ ತೆಗೆದುಬಿಡಿ. ಕುಕ್ಕರಹಳ್ಳಿ ಕೆರೆ ವಿಶ್ವವಿದ್ಯಾನಿಲಯದ್ದು, ಪಕ್ಷಿ ನೋಡುವವರದ್ದು, ನಡೆಯುವವರದ್ದು. ಅಲ್ಲಿ ಹೋಗಿ ಅನುಮತಿ ಕೇಳಿದರೆ ಶುರುವಿನಲ್ಲೇ ಅರ್ಧ ಮೈಸೂರಿನ ವಿರೋಧ ಕಟ್ಟಿಕೊಂಡ ಹಾಗೆ. ಲಿಂಗಾಂಬುಧಿಯೂ ಹಾಗೆಯೇ. ಕಾರಂಜಿ ಕೆರೆ ಮೃಗಾಲಯದವರ ಕೈಯಲ್ಲಿದೆ, ಅಲ್ಲಿನ ದೋಣಿ ವಿಹಾರ ಅವರದ್ದೇ. ರಂಗನತಿಟ್ಟು 1940ರಿಂದ ಪಕ್ಷಿಧಾಮ, 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿದೆ. ಅಲ್ಲಿ ಖಾಸಗಿ ದೋಣಿ ಇಳಿಸುವುದು ಅಂದರೆ ವನ್ಯಜೀವಿ ಕಾಯ್ದೆಯ ಕೇಸು. ಅಲ್ಲಿ ಮೊಸಳೆಗಳೂ ಇವೆ, ಅವು ಪಕ್ಷಿಧಾಮದ ಬೋರ್ಡು ನೋಡಿಕೊಂಡು ಓಡಾಡುವುದಿಲ್ಲ. ಕೊಕ್ಕರೆ ಬೆಳ್ಳೂರಿನ ಸುತ್ತ ಮದ್ದೂರು ತಾಲ್ಲೂಕಿನ ಕೆರೆಗಳಲ್ಲಿ ಹೆಜ್ಜಾರ್ಲೆಗಳು ಮರಿಗಳಿಗೆ ಮೀನು ಹಿಡಿಯುತ್ತವೆ. ಚಳಿಗಾಲದಿಂದ ಬೇಸಿಗೆವರೆಗೆ ಅವುಗಳ ಕೆರೆ ಅವುಗಳಿಗೇ ಇರಲಿ.

ಉಳಿದದ್ದರಲ್ಲಿ ನೋಡಿ. ಮೈಸೂರಿನವರಿಗೆ ತಿ. ನರಸೀಪುರ ರಸ್ತೆಯ ವರುಣ ಕೆರೆ ಸುಲಭ. ಅಲ್ಲಿ ಜಲಕ್ರೀಡೆ ನಡೆಸಿರುವುದೂ ಉಂಟು, ಹಾಗಾಗಿ ನಿಮ್ಮ ಮಾತು ಅಧಿಕಾರಿಗಳಿಗೆ ತೀರಾ ಹೊಸದಾಗಿ ಕೇಳುವುದಿಲ್ಲ. ಪಾಂಡವಪುರ ಕಡೆಯವರಿಗೆ ತೊಣ್ಣೂರು ಕೆರೆ ಇದೆ. ನೀರು ತಿಳಿಯಾಗಿದೆ, ಸುತ್ತ ಬೆಟ್ಟ, ನೋಡಿದರೆ ಇಳಿಯೋಣ ಅನ್ನಿಸುತ್ತದೆ. ಆದರೆ ಆಳ ಜಾಸ್ತಿ. ಅದನ್ನು ಸ್ವಲ್ಪ ಕೈ ಕುದುರಿದ ಮೇಲೆ ಇಟ್ಟುಕೊಳ್ಳಿ. ಕೆಆರ್‌ಎಸ್ ಹಿನ್ನೀರು ತುಂಬಿದಾಗ ನೂರಕ್ಕೂ ಹೆಚ್ಚು ಚದರ ಕಿಲೋಮೀಟರ್ ಹರಡುತ್ತದೆ. ಅಷ್ಟು ಬಯಲು ನೀರಿನ ಮೇಲೆ ಗಾಳಿ ಎದ್ದರೆ ಅಲೆ ಏಳುತ್ತದೆ, ದಡ ದೂರ. ಅಣೆಕಟ್ಟೆಯ ಹತ್ತಿರವಂತೂ ಭದ್ರತೆ, ಯಾರನ್ನೂ ಬಿಡುವುದಿಲ್ಲ. ಕಲಿಯುವುದಕ್ಕೆ ಅರ್ಧ ಕಿಲೋಮೀಟರ್ ಉದ್ದದ ಊರ ಕೆರೆ ಧಾರಾಳ.

ಕೆರೆಯನ್ನು ಒಮ್ಮೆ ಬೇಸಿಗೆಯಲ್ಲಿ ನೋಡಿ. ಇದು ಬಹಳ ಜನ ಬಿಟ್ಟುಬಿಡುವ ಕೆಲಸ. ಏಪ್ರಿಲ್, ಮೇ ತಿಂಗಳಲ್ಲಿ ನೀರು ಇಳಿದಾಗ ಅಂಗಳ ಬಯಲಾಗುತ್ತದೆ. ಗೋಡು ಮಣ್ಣು ಹೊಡೆಯಲು ಜೆಸಿಬಿ ತೋಡಿದ ಗುಂಡಿಗಳು ಆಗ ಕಾಣುತ್ತವೆ. ಕೆರೆಯಲ್ಲಿ ಮುಳುಗಿ ಸಾಯುವವರು ಎಷ್ಟೋ ಸಲ ಸೊಂಟದುದ್ದ ನೀರಲ್ಲಿ ನಡೆಯುತ್ತಾ ಇಂಥ ಗುಂಡಿಗೆ ಜಾರಿದವರು. ಜಾಲಿ ಮರದ ಬೊಡ್ಡೆ, ಹಳೆ ಬಾವಿ, ಒಡೆದ ಬಾಟಲಿ ಎಲ್ಲ ನೋಡಿಕೊಂಡು ಫೋನಿನಲ್ಲಿ ನಕ್ಷೆ ಗುರುತು ಹಾಕಿಕೊಳ್ಳಿ. ಆಮೇಲೆ ಏರಿ ಮೇಲೆ ಪೂರ್ತಿ ನಡೆಯಿರಿ. ತೂಬು ಎಲ್ಲಿದೆ, ಕೋಡಿ ಎಲ್ಲಿ ಬೀಳುತ್ತದೆ? ಅವೆರಡರ ಹತ್ತಿರ ಯಾವತ್ತೂ ಹೋಗುವ ಹಾಗಿಲ್ಲ. ಊರಿನ ಚರಂಡಿ ಎಲ್ಲಿ ಬಂದು ಸೇರುತ್ತದೆ? ಅಂತರಗಂಗೆ ಎಷ್ಟು ಹಬ್ಬಿದೆ? ಗಾಳಿಗೆ ಅದು ತೇಲಿಕೊಂಡು ಬಂದು ನೀವು ಇಳಿದ ಜಾಗವನ್ನೇ ಮುಚ್ಚಿಬಿಡುತ್ತದೆ. ಹಾಗಾಗಿ ದಡ ಸೇರಲು ಎರಡು ಜಾಗ ನೋಡಿಟ್ಟಿರಿ.

ಕೆರೆ ಯಾರದ್ದು?

ಊರಿನಲ್ಲಿ ಕೇಳಿದರೆ "ನಮ್ದೇ" ಅನ್ನುತ್ತಾರೆ. ಅದು ನಿಜವೂ ಹೌದು. ಕಾಗದದ ಮೇಲೆ ಮಾತ್ರ ಬೇರೆ. 40 ಹೆಕ್ಟೇರ್‌ಗಿಂತ ಕಡಿಮೆ ಅಚ್ಚುಕಟ್ಟಿನ (ಅಂದರೆ ಕೆರೆಯ ನೀರುಣ್ಣುವ ಜಮೀನಿನ) ಕೆರೆಗಳು ಪಂಚಾಯತಿ ವ್ಯವಸ್ಥೆಯ ಕೆಳಗೆ ಬರುತ್ತವೆ. 40ರಿಂದ 2000 ಹೆಕ್ಟೇರ್‌ವರೆಗಿನವು ಸಣ್ಣ ನೀರಾವರಿ ಇಲಾಖೆಗೆ. ಕಾವೇರಿ ನಾಲೆ ಜಾಲದ ಕೆರೆ, ಹಿನ್ನೀರು ಅಂದರೆ ಕಾವೇರಿ ನೀರಾವರಿ ನಿಗಮ. ಇದರ ಮೇಲೆ ಮೀನು ಹಿಡಿಯುವ ಗುತ್ತಿಗೆ ಬೇರೆ ಇರುತ್ತದೆ.

ಅರ್ಜಿ ಒಂದು ಪುಟ ಮೀರಬಾರದು. ಎಷ್ಟು ಜನ, ಯಾವ ದಿನ, ಎಷ್ಟರಿಂದ ಎಷ್ಟು ಗಂಟೆ, ಮೋಟಾರು ಇಲ್ಲ, ಟಿಕೆಟ್ ಇಲ್ಲ, ಅಂಗಡಿ ಹಾಕುವುದಿಲ್ಲ, ಎಲ್ಲರಿಗೂ ಜಾಕೆಟ್ ಇದೆ. ಇಷ್ಟು ಬರೆಯಿರಿ. "ಪ್ರವಾಸೋದ್ಯಮ ಅಭಿವೃದ್ಧಿ" ಅನ್ನುವ ಮಾತನ್ನು ಮರೆತೂ ಹಾಕಬೇಡಿ. ಹಾಕಿದರೆ ಕಡತ ದೊಡ್ಡದಾಗುತ್ತದೆ, ಟೆಂಡರ್ ತನಕ ಹೋಗುತ್ತದೆ, ನಿಮ್ಮ ನಾಲ್ಕು ದೋಣಿ ಅಲ್ಲೇ ಕೂರುತ್ತವೆ. ಟಪಾಲಿನಲ್ಲಿ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಅದು ಅನುಮತಿ ಅಲ್ಲ, ಕೇಳಿದ್ದೇವೆ ಅನ್ನುವುದಕ್ಕೆ ಪುರಾವೆ ಅಷ್ಟೇ. ಉತ್ತರ ಕೈಗೆ ಬರುವ ತನಕ ನೀರಿಗೆ ಇಳಿಯಬೇಡಿ. ಒಂದು ಪ್ರತಿ ಪೊಲೀಸ್ ಠಾಣೆಗೆ, ಒಂದು ಗ್ರಾಮ ಪಂಚಾಯತಿಗೆ. ಪಿಡಿಒ ಅವರನ್ನು ಮುಖತಃ ನೋಡಿ ಬನ್ನಿ. ಕಾಗದಕ್ಕಿಂತ ಮುಖಪರಿಚಯಕ್ಕೆ ಬೆಲೆ ಜಾಸ್ತಿ, ಇದು ನಮಗೆಲ್ಲ ಗೊತ್ತಿರುವುದೇ.

ಕಾಯುವ ತಿಂಗಳುಗಳನ್ನು ಹಾಳು ಮಾಡಬೇಕಿಲ್ಲ. ಆಗ ಮಾಡುವ ಕೆಲಸ ಮುಂದೆ ಹೇಳಿದ್ದೇನೆ.

ನೀರಿನ ಮೇಲೆ ಮೊದಲೇ ಇರುವವರು

ಕಯಾಕಿಂಗ್ ಇಲ್ಲದ ಊರಿನಲ್ಲಿ ದೋಣಿಯೇ ಇಲ್ಲ ಅಂದುಕೊಳ್ಳುವುದು ಪಟ್ಟಣದವರ ಕುರುಡು. ತಲಕಾಡು, ನರಸೀಪುರ, ಶ್ರೀರಂಗಪಟ್ಟಣದ ಸಂಗಮ, ಮುತ್ತತ್ತಿ, ಎಲ್ಲ ಕಡೆ ತೆಪ್ಪ ಹಾಕುವವರು ತಲೆತಲಾಂತರದಿಂದ ಇದ್ದಾರೆ. ಒಂದೇ ಹುಟ್ಟಿನಲ್ಲಿ ಗುಂಡನೆಯ ತೆಪ್ಪವನ್ನು ನೇರ ಒಯ್ಯುವುದು ಕಯಾಕ್ ಒಯ್ಯುವುದಕ್ಕಿಂತ ಕಷ್ಟ. ನಂಬಿಕೆ ಇಲ್ಲದಿದ್ದರೆ ಒಮ್ಮೆ ಕೂತು ನೋಡಿ, ಕೂತಲ್ಲೇ ಗಿರಗಿರ ತಿರುಗುತ್ತೀರಿ.

ನಿಮ್ಮ ಕೆರೆಯಲ್ಲೂ ಬಲೆ ಬಿಡುವ ಇಬ್ಬರು ಮೂವರು ಇದ್ದೇ ಇರುತ್ತಾರೆ. ಬಳಗದ ಮೊದಲ ಸದಸ್ಯರು ಅವರು. ದೋಣಿ ತರುವ ಮೊದಲು, ಕ್ಯಾಮೆರಾ ಇಲ್ಲದೆ, ಬೆಳಗಿನ ಜಾವ ಬಲೆ ಎಳೆಯುವ ಹೊತ್ತಿಗೆ ಹೋಗಿ. "ಅಣ್ಣಾ, ಬಲೆ ಎಲ್ಲೆಲ್ಲಿ ಬಿಡ್ತೀರಾ? ನಾವು ಆ ಕಡೆ ಬರಲ್ಲ" ಅಂತ ಶುರು ಮಾಡಿ. ಅನುಮಾನದಿಂದ ನೋಡುತ್ತಾರೆ. ಯಾವುದೋ ರೆಸಾರ್ಟ್ ಬರುತ್ತಿದೆ, ನಮ್ಮ ಗುತ್ತಿಗೆ ಹೋಗುತ್ತದೆ ಅನ್ನುವ ಭಯ ಅದು. ಭಯ ಸುಮ್ಮನೆ ಬಂದದ್ದಲ್ಲ. ಸ್ವಲ್ಪ ದಿನ ಬಿಟ್ಟು ಮತ್ತೆ ಹೋಗಿ. ಆಗ ಮಾತು ಬಿಡುತ್ತದೆ. "ಆ ತೂಬಿನ ತಾವು ಹೋಗ್ಬ್ಯಾಡಿ, ಎಳ್ಕತದೆ" ಅಂತ ಅವರೇ ಹೇಳುತ್ತಾರೆ. ಯಾವ ಪುಸ್ತಕದಲ್ಲೂ ಸಿಗದ ಮಾಹಿತಿ ಅದು.

ಬಲೆಯ ತೇಲುಗಳು ಥರ್ಮಾಕೋಲ್ ತುಂಡು ಅಥವಾ ಖಾಲಿ ನೀರಿನ ಬಾಟಲಿ. ಸಾಲಾಗಿ ಕಂಡರೆ ದಾಟಬೇಡಿ, ತುದಿ ಸುತ್ತಿಕೊಂಡು ಹೋಗಿ. ಹುಟ್ಟು ಸಿಕ್ಕಿ ಬಲೆ ಹರಿದರೆ ಚೌಕಾಸಿ ಮಾಡದೆ ದುಡ್ಡು ಕೊಡಿ. ಇದನ್ನು ಬಳಗದ ನಿಯಮವಾಗಿಯೇ ಬರೆದಿಡಿ.

ಒಬ್ಬರನ್ನು ಕೂಲಿ ಕೊಟ್ಟು ಕಾವಲಿಗೆ ಗೊತ್ತು ಮಾಡಿ. ಭಾನುವಾರ ಬೆಳಿಗ್ಗೆ ಎರಡು ಮೂರು ಗಂಟೆ, ತಮ್ಮ ತೆಪ್ಪದೊಂದಿಗೆ ನೀರಿನ ಮೇಲೆ ಇದ್ದರೆ ಸಾಕು. ಯಾರಾದರೂ ಮಗುಚಿಕೊಂಡರೆ ಹಿಡಿದುಕೊಳ್ಳಲು ತೆಪ್ಪದಷ್ಟು ಗಟ್ಟಿ ಆಸರೆ ಬೇರೆ ಇಲ್ಲ. ಪುಕ್ಕಟೆ ಸಹಾಯ ಕೇಳಬೇಡಿ. ಅವರ ಮನೆ ಹುಡುಗರು, ಹುಡುಗಿಯರು ಬಂದರೆ ಬಳಗದ ದೋಣಿ ಅವರಿಗೂ ಕೊಡಿ, ಕಾಸು ತೆಗೆದುಕೊಳ್ಳಬೇಡಿ. ಒಂದು ವರ್ಷದಲ್ಲಿ ನಿಮಗಿಂತ ಚೆನ್ನಾಗಿ ಅವರೇ ಹೊಡೆಯುತ್ತಾರೆ, ನೋಡುತ್ತಿರಿ.

ಬಟ್ಟೆ ಒಗೆಯುವ ಮೆಟ್ಟಿಲ ಕಡೆಯಿಂದ ದೋಣಿ ಇಳಿಸಬೇಡಿ, ಹೆಂಗಸರು ಅಲ್ಲಿರುತ್ತಾರೆ. ದನ ತೊಳೆಯುವ ಕಡೆಯೂ ಬೇಡ. ಗಂಗೆಪೂಜೆ, ತೆಪ್ಪೋತ್ಸವ, ಗಣೇಶನ ವಿಸರ್ಜನೆ ಇರುವ ದಿನ ರಜೆ. ಅಂಥ ದಿನ ಬರಿಗೈಲಿ ಹೋಗಿ ಪ್ರಸಾದ ತಿಂದು ಬನ್ನಿ, ಬಳಗಕ್ಕೆ ಅದೇ ಒಳ್ಳೆಯದು.

ನಾಲ್ಕು ಜನ ಸಾಕು

ವಾಟ್ಸಾಪ್ ಗುಂಪು ಮಾಡಿದ ಕೂಡಲೇ ನೂರು ಜನ ಸೇರುತ್ತಾರೆ. ಬೆಳಿಗ್ಗೆ ಆರೂವರೆಗೆ ಕೆರೆ ಏರಿ ಮೇಲೆ ನಿಂತಿರುವವರು ಮೂವರು. ಇದಕ್ಕೆ ಬೇಜಾರಾಗಬೇಡಿ, ಎಲ್ಲ ಕಡೆ ಹೀಗೇ. ಆ ಮೂವರನ್ನು ಮುಂದಿನ ವಾರವೂ ಬರುವ ಹಾಗೆ ಮಾಡುವುದೇ ಕೆಲಸ.

ಜನ ಎಲ್ಲಿ ಸಿಗುತ್ತಾರೆ? ಈಜುಕೊಳದಲ್ಲಿ. ಸರಸ್ವತಿಪುರದ ವಿಶ್ವವಿದ್ಯಾನಿಲಯದ ಈಜುಕೊಳದಲ್ಲಿ ವರ್ಷಗಟ್ಟಲೆ ಅದೇ ಉದ್ದ ಅಳೆಯುತ್ತಾ ಬೇಜಾರಾದವರು ಇದ್ದಾರೆ, ಅವರನ್ನು ಕೇಳಿ. ಸೈಕಲ್ ಗುಂಪಿನಲ್ಲಿ ಮಂಡಿ ನೋವು ಶುರುವಾದವರು ಇರುತ್ತಾರೆ. ಎನ್‌ಸಿಸಿ ನೌಕಾ ವಿಭಾಗದಲ್ಲಿ ದೋಣಿಗೆ ಹುಟ್ಟು ಹಾಕಿ ಬಂದವರು ಕಾಲೇಜುಗಳಲ್ಲಿ ಸಿಗುತ್ತಾರೆ. ಪಕ್ಷಿ ನೋಡುವವರನ್ನು ಮರೆಯಬೇಡಿ. ಮೊದಲು ಅವರು ನಿಮ್ಮನ್ನು ವಿರೋಧಿಸುತ್ತಾರೆ. ಕೆರೆಯಲ್ಲಿ ಯಾವ ಮೂಲೆಗೆ ಯಾವ ತಿಂಗಳು ಹೋಗಬಾರದು ಅಂತ ನೀವೇ ಅವರನ್ನು ಕೇಳಿ ಗೆರೆ ಎಳೆಸಿಕೊಂಡರೆ, ಅವರಲ್ಲಿ ಒಬ್ಬರಾದರೂ ದೋಣಿ ಹತ್ತುತ್ತಾರೆ. ಸದ್ದಿಲ್ಲದೆ ನೀರಿನ ಮಟ್ಟದಿಂದ ಹಕ್ಕಿ ನೋಡುವ ಆಸೆ ಯಾರಿಗಿಲ್ಲ?

ಹೆಂಗಸರು ಯಾಕೆ ಬರುತ್ತಿಲ್ಲ ಅಂತ ಆಮೇಲೆ ಕೇಳುವುದಕ್ಕಿಂತ ಮೊದಲೇ ಎರಡು ಕೆಲಸ ಮಾಡಿ. ಕೆರೆಯ ಹತ್ತಿರದ ಒಂದು ತೋಟದ ಮನೆಯವರನ್ನು ಕೇಳಿ ಬಟ್ಟೆ ಬದಲಿಸಲು ಕೋಣೆ, ಶೌಚಾಲಯ ಗೊತ್ತು ಮಾಡಿ. ಒದ್ದೆ ಬಟ್ಟೆಯಲ್ಲಿ ಏರಿ ಮೇಲೆ ಎಲ್ಲರ ಎದುರು ನಿಲ್ಲಬೇಕಾದರೆ ಯಾರೂ ಎರಡನೇ ಸಲ ಬರುವುದಿಲ್ಲ. ಎರಡನೆಯದು, ಹೊಸದಾಗಿ ಬರುವ ಹೆಣ್ಣುಮಕ್ಕಳಿಗೆ ಜೊತೆಗೆ ಇನ್ನೊಬ್ಬರನ್ನು ಕರೆತನ್ನಿ ಅಂತ ಹೇಳಿ.

ಅನುಮತಿಗೆ ಕಾಯುವ ತಿಂಗಳುಗಳಲ್ಲಿ ಈ ಪುಟ್ಟ ಗುಂಪು ಈಜು ಕಲಿಯಲಿ. ಐವತ್ತು ಮೀಟರ್ ಹೇಗಾದರೂ ಈಜುವುದು, ಐದು ನಿಮಿಷ ತೇಲುವುದು ಬಂದರೆ ಸಾಕು. ಜೊತೆಗೆ ಪ್ರಥಮ ಚಿಕಿತ್ಸೆ, ಅದರಲ್ಲೂ ಸಿಪಿಆರ್. ನೀರು ಕುಡಿದು ಉಸಿರು ನಿಂತವರಿಗೆ ಎದೆ ಒತ್ತುವುದರ ಜೊತೆಗೆ ಬಾಯಿಯಿಂದ ಉಸಿರು ಕೊಡುವುದೂ ಮುಖ್ಯ. ಹೊಟ್ಟೆ ಒತ್ತಿ ನೀರು ತೆಗೆಯುವುದು, ತಲೆ ಮೇಲೆ ಇಟ್ಟುಕೊಂಡು ತಿರುಗಿಸುವುದು, ಇವೆಲ್ಲ ನಮ್ಮ ಕಡೆ ಈಗಲೂ ನಡೆಯುತ್ತವೆ. ನಿಲ್ಲಬೇಕು.

ಜಾಕೆಟ್ ಮೊದಲು, ದೋಣಿ ಆಮೇಲೆ

ಇರುವ ದುಡ್ಡಿನಲ್ಲಿ ಮೊದಲು ಜಾಕೆಟ್ ಕೊಳ್ಳಿ. ಜಾಕೆಟ್‌ನ ಒಳಗೆ ಎಷ್ಟು ನ್ಯೂಟನ್ ಅಂತ ಬರೆದಿರುತ್ತದೆ, ನೀರಿನಲ್ಲಿ ಅದು ಎತ್ತಿಹಿಡಿಯುವ ಬಲದ ಅಳತೆ ಅದು. 50 ನ್ಯೂಟನ್‌ನದ್ದು ಈಜು ಬರುವವರಿಗೆ, ಸಹಾಯ ಹತ್ತಿರ ಇರುವಾಗ. ತೋಳು ಆಡಿಸಲು ಅದು ಹಗುರ, ಹಾಗಾಗಿ ಕಯಾಕ್‌ಗೆ ಅದನ್ನೇ ಬಳಸುತ್ತಾರೆ. ಈಜು ಬಾರದವರಿಗೆ 100 ನ್ಯೂಟನ್ ಇರಲಿ, ಕತ್ತಿನ ಹಿಂದೆ ದಿಂಬಿನ ಹಾಗಿರುವುದು. ಹಾಕಿಸಿ ಬಿಗಿ ಮಾಡಿದ ಮೇಲೆ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಿರಿ. ಕಿವಿ ತನಕ ಬಂದರೆ ದೊಡ್ಡದಾಯಿತು. ಮಕ್ಕಳ ಜಾಕೆಟ್‌ಗೆ ಕಾಲಸಂದಿನ ಪಟ್ಟಿ ಇರಲೇಬೇಕು. ಬಾಡಿಗೆ ಕಡೆ ಸಿಗುವ, ಬಣ್ಣ ಮಾಸಿದ, ಹಿಸುಕಿದರೆ ಚಪ್ಪಟೆಯಾಗಿ ಉಳಿಯುವ ಜಾಕೆಟ್‌ಗಳನ್ನು ನಂಬಬೇಡಿ. ಪ್ರತಿ ಜಾಕೆಟ್‌ಗೂ ಒಂದು ಸೀಟಿ ಕಟ್ಟಿ. ಮೂರು ಸಲ ಊದಿದರೆ ಸಹಾಯ ಬೇಕು ಅಂತ ಅರ್ಥ.

ದೋಣಿ ಮೊದಲ ಕೆಲವು ತಿಂಗಳು ಬಾಡಿಗೆಗೋ ಎರವಲಿಗೋ ಸಿಕ್ಕರೆ ಒಳ್ಳೆಯದು. ಕೊಳ್ಳುವಾಗ, ಮೇಲೆ ಕೂರುವ ಮಾದರಿಯ ಪ್ಲಾಸ್ಟಿಕ್ ಕಯಾಕ್‌ನಿಂದ ಶುರು ಮಾಡಿ, ಒಂಬತ್ತರಿಂದ ಹನ್ನೆರಡು ಅಡಿಯದ್ದು. ಒಳಗೆ ಕಾಲು ತೂರಿಸಿ ಕೂರುವ ಮಾದರಿ ವೇಗವಾಗಿ ಹೋಗುತ್ತದೆ, ಆದರೆ ಮಗುಚಿದಾಗ ನೀರು ತುಂಬುತ್ತದೆ, ತಲೆಕೆಳಗಾಗಿ ಹೊರಬರುವುದನ್ನು ಕಲಿಯಬೇಕು. ಮೇಲೆ ಕೂರುವ ಮಾದರಿಯಲ್ಲಿ ಬಿದ್ದರೆ ಬಿದ್ದಿರಿ, ಮತ್ತೆ ಹತ್ತಿದರಾಯಿತು. ಗಾಳಿ ತುಂಬುವ ಕಯಾಕ್ ಅಗ್ಗ, ಮಡಚಿ ಆಟೊದಲ್ಲಿ ಇಡಬಹುದು, ಬಾಡಿಗೆ ಮನೆಯವರಿಗೆ ಅನುಕೂಲ. ಆದರೆ ನಮ್ಮ ಕೆರೆ ದಡದಲ್ಲೆಲ್ಲ ಜಾಲಿ ಮುಳ್ಳು. ಪಂಕ್ಚರ್ ಪಟ್ಟಿ ಜೊತೆಗಿರಲಿ. ಒಣಗಿಸದೆ ಮಡಚಿಟ್ಟರೆ ಬೂಷ್ಟು ಹಿಡಿಯುತ್ತದೆ. ಗಾಳಿಗೆ ಅದು ಎಲೆಯ ಹಾಗೆ ತೇಲಿಹೋಗುತ್ತದೆ ಅನ್ನುವುದೂ ತಲೆಯಲ್ಲಿರಲಿ.

ಪ್ಲಾಸ್ಟಿಕ್ ಕಯಾಕ್ ಇಪ್ಪತ್ತು ಇಪ್ಪತ್ತೈದು ಕೆಜಿ ತೂಗುತ್ತದೆ. ಪ್ರತಿ ವಾರ ಮೈಸೂರಿನಿಂದ ಹೊತ್ತು ತರುವುದು ಆಗದ ಮಾತು. ಎರಡು ತಿಂಗಳು ಲಗೇಜ್ ಆಟೊ ಬಾಡಿಗೆ ಕೊಟ್ಟ ಮೇಲೆ ಉತ್ಸಾಹ ಇಳಿದುಬಿಡುತ್ತದೆ. ಕೆರೆ ಪಕ್ಕದ ಮನೆಯ ಕೊಟ್ಟಿಗೆಯಲ್ಲೋ ಶೆಡ್ಡಿನಲ್ಲೋ ತಿಂಗಳ ಬಾಡಿಗೆಗೆ ಜಾಗ ಮಾಡಿಕೊಳ್ಳಿ. ಬಿಸಿಲಿಗೆ ಪ್ಲಾಸ್ಟಿಕ್ ಪೆಡಸಾಗುತ್ತದೆ, ಟಾರ್ಪಾಲ್ ಮುಚ್ಚಿ, ಬೋರಲು ಹಾಕಿಡಿ. ಬಳಗ ಎಷ್ಟು ದಿನ ಬಾಳುತ್ತದೆ ಅನ್ನುವುದು ದೋಣಿಯ ಬ್ರ್ಯಾಂಡ್‌ಗಿಂತ ಈ ಕೊಟ್ಟಿಗೆಯ ಮೇಲೆ ನಿಂತಿದೆ ಅಂತ ನನಗೆ ಗಟ್ಟಿಯಾಗಿ ಅನ್ನಿಸಿದೆ.

ಹತ್ತು ಜನಕ್ಕೆ ಹತ್ತು ದೋಣಿ ಬೇಕಿಲ್ಲ. ಮೂರು ನಾಲ್ಕು ಇದ್ದರೆ ಸಾಕು. ಸರದಿ ಕಾಯುವವರು ದಡದಲ್ಲಿ ಕೂತು ಹರಟುತ್ತಾರಲ್ಲ, ಬಳಗ ಬೆಳೆಯುವುದು ಅಲ್ಲೇ.

ಮೊದಲ ಬೆಳಿಗ್ಗೆ ಹೀಗಿರಲಿ

ಆರೂವರೆಗೆ ಸೇರಿ, ಒಂಬತ್ತಕ್ಕೆ ಮೇಲೆ ಬನ್ನಿ. ಬಿಸಿಲು ಏರಿದ ಹಾಗೆ ಗಾಳಿಯೂ ಏಳುತ್ತದೆ. ಬಂದವರ ಹೆಸರು, ಮನೆಯವರ ಫೋನ್ ನಂಬರ್, ಈಜು ಬರುತ್ತದೆಯೋ ಇಲ್ಲವೋ, ಫಿಟ್ಸ್ ಅಥವಾ ಹೃದಯದ ತೊಂದರೆ ಇದೆಯೋ, ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ನೀರಿಗೆ ಇಳಿದವರನ್ನು ಎಣಿಸಿ, ಮೇಲೆ ಬಂದವರನ್ನು ಎಣಿಸಿ.

ದೋಣಿಗೆ ಮೊದಲು ನೀರು. ಎಲ್ಲರೂ ಜಾಕೆಟ್ ಹಾಕಿ ಎದೆಮಟ್ಟದ ನೀರಲ್ಲಿ ಅಂಗಾತ ತೇಲಲಿ. ಜಾಕೆಟ್ ಎತ್ತಿಹಿಡಿಯುತ್ತದೆ ಅಂತ ಮೈಗೆ ಗೊತ್ತಾಗಬೇಕು, ಕಿವಿಗೆ ಹೇಳಿದರೆ ಸಾಲದು. ಆಮೇಲೆ ಬೇಕೆಂದೇ ದೋಣಿ ಮಗುಚಿಸಿ. ದೋಣಿಯನ್ನು ಮತ್ತೆ ತಿರುಗಿಸಿ, ನಡುವಿನಲ್ಲಿ ಹಿಡಿದು, ಕಾಲು ಜೋರಾಗಿ ಬಡಿದು ಹೊಟ್ಟೆ ಮೇಲೆ ಅಡ್ಡ ಬೀಳಬೇಕು. ನಂತರ ಹೊರಳಿ ಕೂರುವುದು. ಎದ್ದು ನಿಂತು ಹತ್ತಲು ಹೋದವರೆಲ್ಲ ಮತ್ತೆ ಬೀಳುತ್ತಾರೆ, ನಗು ಬರುತ್ತದೆ, ಹೆದರಿಕೆ ಹೋಗುತ್ತದೆ. ಇದು ಬಂದ ಮೇಲೆಯೇ ಹುಟ್ಟು ಕೈಗೆ ಕೊಡಿ.

ಹುಟ್ಟು ಹಾಕುವುದನ್ನು ಹೇಳಿಕೊಡುವುದು ಅರ್ಧ ಗಂಟೆಯ ಕೆಲಸ. ಪಾದದ ಹತ್ತಿರ ನೀರಿಗೆ ಇಳಿಸಿ, ಸೊಂಟದ ಹತ್ತಿರ ಎತ್ತಿ. ತೋಳಿಂದ ಎಳೆಯಬೇಡಿ, ಸೊಂಟದ ಮೇಲಿನ ಮೈ ತಿರುಗಿಸಿ. ದೋಣಿ ತಿರುಗಿಸಲು ಅಗಲವಾದ ಅರ್ಧಚಂದ್ರದ ಹಾಗೆ ಹೊಡೆಯಿರಿ. ನಿಲ್ಲಿಸಲು ಹಿಂದಕ್ಕೆ ಎರಡೂ ಕಡೆ ಚಿಕ್ಕ ಚಿಕ್ಕದಾಗಿ. ಉಳಿದದ್ದು ನೀರೇ ಕಲಿಸುತ್ತದೆ.

ಗುಂಪು ಹೊರಟಾಗ ಮುಂದೆ ಒಬ್ಬರು, ಕೊನೆಯಲ್ಲಿ ಒಬ್ಬರು, ಇಬ್ಬರೂ ಪಳಗಿದವರು. ಮುಂದಿನವರನ್ನು ಯಾರೂ ದಾಟಬಾರದು, ಹಿಂದಿನವರಿಗಿಂತ ಹಿಂದೆ ಯಾರೂ ಉಳಿಯಬಾರದು. ದಡದಲ್ಲಿ ಇಪ್ಪತ್ತು ಮೀಟರ್ ತೇಲುವ ಹಗ್ಗ ಇರಲಿ, ಎಸೆಯುವುದನ್ನು ಅಭ್ಯಾಸ ಮಾಡಿ. ಮುಳುಗುತ್ತಿರುವವರ ಹತ್ತಿರ ಬರಿಗೈಲಿ ಈಜಿಕೊಂಡು ಹೋಗಬಾರದು. ನಮ್ಮ ಕೆರೆಗಳಲ್ಲಿ ಒಬ್ಬರ ಹಿಂದೆ ಇನ್ನೊಬ್ಬರು ಹೋಗುವುದು ಹೀಗೆಯೇ. 112 ಮತ್ತು 108 ಎಲ್ಲರ ಫೋನಿನಲ್ಲಿರಲಿ. ಕೆರೆಯ ಹೆಸರು, ಊರು, ಯಾವ ರಸ್ತೆಯಿಂದ ಬರಬೇಕು ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದು ನೋಟ್‌ಬುಕ್‌ಗೆ ಅಂಟಿಸಿ. ಗಾಬರಿಯಲ್ಲಿ ಅದು ಬಾಯಿಗೆ ಬರುವುದಿಲ್ಲ.

ಕುಡಿದು ಬಂದವರಿಗೆ ದೋಣಿ ಇಲ್ಲ. ರಾತ್ರಿ ಕುಡಿದು ಬೆಳಿಗ್ಗೆ ವಾಸನೆ ಹೊಡೆಯುತ್ತಾ ಬಂದವರಿಗೂ ಇಲ್ಲ. ಇದನ್ನು ಮೊದಲ ಸಲ ಹೇಳುವುದು ಮುಜುಗರ, ಸ್ನೇಹಿತರೇ ಆಗಿರುತ್ತಾರೆ. ಹೇಳಿ.

ಮೇಲೆ ಬಂದ ಮೇಲೆ ಇಳಿಯುವ ಜಾಗದ ಕಸ ತೆಗೆಯಿರಿ. ಅಷ್ಟೇ ಸಾಕು. ಬ್ಯಾನರ್ ಹಿಡಿದು ಕೆರೆ ಸ್ವಚ್ಛತಾ ಅಭಿಯಾನಕ್ಕೆ ತಿರುಗಿಬಿಟ್ಟರೆ ಕಯಾಕ್ ಮೂಲೆ ಸೇರುತ್ತದೆ, ಫೋಟೊ ಮಾತ್ರ ಉಳಿಯುತ್ತದೆ. ಕಾಲಿಗೆ ಗಾಯ ಇದ್ದವರು ಮಳೆಗಾಲದಲ್ಲಿ ನೀರಿಗೆ ಇಳಿಯದಿರುವುದು ಒಳ್ಳೆಯದು, ಇಲಿಜ್ವರ ಹರಡುವುದು ಇಂಥ ನೀರಿನಿಂದಲೇ. ನಂತರ ಎಲ್ಲರೂ ಒಟ್ಟಿಗೆ ತಿಂಡಿಗೆ ಹೋಗಿ. ಇಡ್ಲಿ, ವಡೆ, ಕಾಫಿಗೆ ಒಂದು ಗಂಟೆ. ಕಯಾಕ್ ಇಷ್ಟವಾಗದವರೂ ತಿಂಡಿಗಾಗಿ ಮುಂದಿನ ವಾರ ಬಂದಾರು.

ಯಾವ ತಿಂಗಳು?

ಅಕ್ಟೋಬರ್ ಕೊನೆಯಿಂದ ಫೆಬ್ರವರಿ ನಮ್ಮ ಕಡೆಗೆ ಒಳ್ಳೆಯ ಕಾಲ. ಕೆರೆಯಲ್ಲಿ ನೀರಿರುತ್ತದೆ, ಬಿಸಿಲು ಕಡಿಮೆ. ಡಿಸೆಂಬರ್, ಜನವರಿಯಲ್ಲಿ ಮಂಜು ದಟ್ಟವಾಗಿದ್ದರೆ ಎದುರು ದಡ ಕಾಣುವ ತನಕ ಕಾಯಿರಿ. ಏಪ್ರಿಲ್, ಮೇ ಮಧ್ಯಾಹ್ನದ ಗುಡುಗು ಮಳೆ ಅಪಾಯ. ಮಿಂಚು ಕಂಡು ಮೂವತ್ತು ಸೆಕೆಂಡಿನೊಳಗೆ ಗುಡುಗು ಕೇಳಿದರೆ ಆಗಲೇ ತಡವಾಗಿದೆ, ತಕ್ಷಣ ದಡ ಸೇರಿ, ಒಂಟಿ ಮರದ ಕೆಳಗೆ ನಿಲ್ಲಬೇಡಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ನೀರಿಗೆ ಇಳಿಯುವ ಹಾಗಿಲ್ಲ. ಜೂನ್‌ನಿಂದ ಆಗಸ್ಟ್ ತನಕ ಗಾಳಿ ಜೋರು. ಮಂಡ್ಯ ಕಡೆ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಹೆಚ್ಚು, ಕೆರೆ ಕೋಡಿ ಬೀಳುವುದೂ ಆಗಲೇ. ಕೋಡಿ ಬಿದ್ದರೆ ದೋಣಿಗೆ ರಜೆ.

ನೀರಿಗೆ ಇಳಿಯಲಾಗದ ವಾರವೂ ಅದೇ ದಿನ, ಅದೇ ಹೊತ್ತಿಗೆ ಸೇರಿ. ಹಗ್ಗ ಎಸೆಯುವುದು, ಜಾಕೆಟ್ ಪರೀಕ್ಷೆ, ದೋಣಿ ರಿಪೇರಿ, ಏನೂ ಇಲ್ಲದಿದ್ದರೆ ಏರಿ ಮೇಲೆ ಒಂದು ಸುತ್ತು. ವಾರ ತಪ್ಪಿದರೆ ಜನ ತಪ್ಪುತ್ತಾರೆ. ಆಯುಧಪೂಜೆಗೆ ದೋಣಿಗಳಿಗೂ ಕುಂಕುಮ ಹಚ್ಚಿ ನಿಂಬೆಹಣ್ಣು ಇಡಿ. ಅವತ್ತು ಬರುವಷ್ಟು ಜನ ಮತ್ತೆ ಯಾವತ್ತೂ ಬರುವುದಿಲ್ಲ, ಲಿಸ್ಟ್ ಬರೆದುಕೊಳ್ಳಿ.

ಹೊಳೆಗೆ ಯಾವಾಗ?

ಒಂದು ವರ್ಷ ಆದ ಮೇಲೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗಲೂ ನಿಮ್ಮಷ್ಟಕ್ಕೆ ಇಳಿಯಬೇಡಿ. ಕಲಿಸುವವರಿರುವ ಕಡೆ ಹೋಗಿ. ಮಳವಳ್ಳಿ ಕಡೆಯ ಭೀಮೇಶ್ವರಿಯಲ್ಲಿ ಜಂಗಲ್ ಲಾಡ್ಜಸ್‌ನವರ ಶಿಬಿರವಿದೆ, ಅದು ಮಂಡ್ಯ ಜಿಲ್ಲೆಯದ್ದೇ. ಸಾಗರದ ಹತ್ತಿರದ ಹೊನ್ನೆಮರಡುವಿನಲ್ಲಿ ಲಿಂಗನಮಕ್ಕಿ ಹಿನ್ನೀರಿದೆ, ದೊಡ್ಡ ನೀರು ಹೇಗಿರುತ್ತದೆ ಅಂತ ಅಲ್ಲಿ ಗೊತ್ತಾಗುತ್ತದೆ. ಉಡುಪಿಯ ಸಾಲಿಗ್ರಾಮದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಕಯಾಕ್ ಮಾಡಿಸುತ್ತಾರೆ. ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ತರಬೇತಿಗಳನ್ನು ನಡೆಸುತ್ತದೆ, ಬಳಗದ ಇಬ್ಬರನ್ನಾದರೂ ಕಳಿಸಿ. ಬಿಳಿ ನೀರಿನ, ಅಂದರೆ ನೊರೆಯೆದ್ದು ರಭಸದಿಂದ ಹರಿಯುವ ಹೊಳೆಯ, ಕಯಾಕಿಂಗ್ ಹೇಗಿರುತ್ತದೆ ಅಂತ ನೋಡಬೇಕಾದರೆ ಮಳೆಗಾಲದಲ್ಲಿ ಕೋಳಿಕ್ಕೋಡ್ ಜಿಲ್ಲೆಯಲ್ಲಿ ನಡೆಯುವ ಮಲಬಾರ್ ನದಿ ಉತ್ಸವಕ್ಕೆ ಹೋಗಿ. ನೋಡಿ ಬಂದ ಮೇಲೆ ಅರ್ಧ ಜನ ಕೆರೆಯೇ ಸಾಕು ಅನ್ನುತ್ತಾರೆ.

ದುಡ್ಡು, ಬೀಗದ ಕೈ, ನೋಂದಣಿ

ಬಂದ ದಿನ ಒಬ್ಬೊಬ್ಬರಿಂದ ಒಂದು ಸಣ್ಣ ಮೊತ್ತ ತೆಗೆದುಕೊಳ್ಳಿ. ಕಾವಲಿನವರ ಕೂಲಿ, ಕೊಟ್ಟಿಗೆ ಬಾಡಿಗೆ, ರಿಪೇರಿಗೆ ಅದು. ಲೆಕ್ಕವನ್ನು ಪ್ರತಿ ತಿಂಗಳು ಗುಂಪಿಗೆ ಹಾಕಿ. ಬಳಗಗಳು ಒಡೆಯುವುದು ನೀರಿನಲ್ಲಿ ಅಲ್ಲ, ಲೆಕ್ಕದಲ್ಲಿ. ಹೊರಗಿನವರನ್ನು ದುಡ್ಡಿಗೆ ಕೂರಿಸಿಕೊಂಡು ಸುತ್ತಿಸುವ ಆಸೆ ಬರುತ್ತದೆ. ಅದು ವ್ಯಾಪಾರ, ಅದಕ್ಕೆ ಬೇರೆಯೇ ಅನುಮತಿ, ವಿಮೆ, ಜವಾಬ್ದಾರಿ. ಬೇಕಿದ್ದವರು ಬೇರೆ ಮಾಡಿಕೊಳ್ಳಲಿ, ಬಳಗದ ದೋಣಿಯಲ್ಲಿ ಬೇಡ.

ಕೊಟ್ಟಿಗೆಯ ಬೀಗದ ಕೈ ಮೂವರ ಹತ್ತಿರ ಇರಲಿ. ಆರು ತಿಂಗಳಾದ ಮೇಲೆ ಒಂದು ಭಾನುವಾರ ಬೇಕೆಂದೇ ನೀವು ಹೋಗಬೇಡಿ. ಫೋನೂ ಮಾಡಬೇಡಿ. ನೋಟ್‌ಬುಕ್ ಸರಿಯಾಗಿ ತುಂಬಿದೆಯಾ, ಎಣಿಕೆ ಬರೆದಿದ್ದಾರಾ ಅಂತ ಮಾರನೇ ವಾರ ನೋಡಿ. ನೀವಿಲ್ಲದ ದಿನ ಯಾರೂ ಬಂದಿರದಿದ್ದರೆ ಇನ್ನೂ ಇಬ್ಬರಿಗೆ ಕೆಲಸ ಹಂಚುವುದು ಬಾಕಿ ಇದೆ ಅಂತ ಅರ್ಥ.

ಮೊದಲ ವರ್ಷ ನೋಂದಣಿಯ ಗೋಜಿಗೆ ಹೋಗಬೇಡಿ. ಪದಾಧಿಕಾರಿಗಳ ಜಗಳ ದೋಣಿಗಿಂತ ಮೊದಲು ಬರುತ್ತದೆ. ಬ್ಯಾಂಕ್ ಖಾತೆ ಬೇಕು, ಇಲಾಖೆಯವರು ಸಂಘದ ಹೆಸರಲ್ಲಿ ಅರ್ಜಿ ಕೊಡಿ ಅನ್ನುತ್ತಾರೆ ಅನ್ನುವ ಹೊತ್ತಿಗೆ ಮಾಡಿಸಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಕನಿಷ್ಠ ಏಳು ಜನ ಬೇಕು. ಆ ಏಳರಲ್ಲಿ ಕೆರೆಯ ಊರಿನವರು ಇಬ್ಬರಾದರೂ ಇರಲಿ, ಮೀನು ಹಿಡಿಯುವವರಲ್ಲಿ ಒಬ್ಬರಿದ್ದರೆ ಇನ್ನೂ ಒಳ್ಳೆಯದು. ಖಾತೆಗೆ ಇಬ್ಬರ ಸಹಿ ಇರಲಿ. ಬೈಲಾ ಬರೆಯುವಾಗ ಬೇರೆ ಸಂಘದ್ದನ್ನು ನಕಲು ಮಾಡಿದರೂ ಪರವಾಗಿಲ್ಲ, ಜಾಕೆಟ್ ಇಲ್ಲದೆ ಯಾರೂ ದೋಣಿ ಹತ್ತುವಂತಿಲ್ಲ ಅನ್ನುವ ಸಾಲನ್ನು ಮಾತ್ರ ಕೈಯಾರೆ ಸೇರಿಸಿ. ನಾಳೆ ಅಧ್ಯಕ್ಷರ ಭಾವಮೈದ ಬಂದು ಒಂದು ಫೋಟೊಗೆ ಅಷ್ಟೇ ಅಂದಾಗ ತೋರಿಸಲು ಬೇಕಾಗುತ್ತದೆ.